ಏದುಸಿರನ್ನು ಓದುವುದು ಹೇಗೆ: ನಡೆಯುವವರಿಗೂ ಓಡುವವರಿಗೂ ಉಸಿರಾಟದ ಮಾರ್ಗದರ್ಶಿ

ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದವರ ಮಾತು ಕೇಳಿ. ಕಂಬಿ ಹಿಡಿದು ನಿಂತು "ಆಕ್ಸಿಜನ್ನೇ ಸಾಲ್ತಿಲ್ಲ ಕಣ್ರೀ" ಅನ್ನುತ್ತಾರೆ. ಆ ಗಳಿಗೆಯಲ್ಲಿ ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 96, 97 ಅಂತಲೇ ತೋರಿಸುತ್ತದೆ. ಕೂತಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆರೋಗ್ಯವಂತರ ರಕ್ತದಲ್ಲಿ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಆಮ್ಲಜನಕ ಇಳಿಯುವುದಿಲ್ಲ. ಸ್ನಾಯುಗಳು ದುಡಿಯುತ್ತಾ ಹುಟ್ಟುಹಾಕಿದ ಇಂಗಾಲದ ಡೈಆಕ್ಸೈಡನ್ನು ಬೇಗ ಹೊರಗೆ ಸಾಗಿಸಬೇಕು, ಏದುಸಿರಿನ ಮುಖ್ಯ ಕೆಲಸ ಅದು. ಇದು ಮನಸ್ಸಿಗೆ ಹತ್ತಿದರೆ ಎಷ್ಟು ವೇಗದಲ್ಲಿ ನಡೆಯಬೇಕು, ಯಾವಾಗ ನಿಲ್ಲಬೇಕು, ಯಾವ ಏದುಸಿರಿಗೆ ಹೆದರಬೇಕು ಎಂಬುದನ್ನು ನಿಮ್ಮ ಉಸಿರೇ ಹೇಳಿಕೊಡುತ್ತದೆ. ಬೇಕಾದ ಸಾಮಾನು ಇಷ್ಟೇ: ಸೆಕೆಂಡ್ ತೋರಿಸುವ ಗಡಿಯಾರ, ಒಂದು ನೋಟ್‌ಬುಕ್, ಜೊತೆಗೆ ಒಬ್ಬರು.

ಮೊದಲು ಕೂತಲ್ಲಿ ಎಣಿಸಿ

ಕುರ್ಚಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿ. ನಿಮ್ಮ ಉಸಿರನ್ನು ನೀವೇ ಎಣಿಸಬೇಡಿ, ಎಣಿಸಲು ಹೊರಟ ಕೂಡಲೇ ಉಸಿರಿನ ಲಯ ಬದಲಾಗುತ್ತದೆ. ಮನೆಯವರೊಬ್ಬರು ನಾಡಿ ನೋಡುವವರಂತೆ ನಿಮ್ಮ ಮಣಿಕಟ್ಟು ಹಿಡಿದುಕೊಂಡು, ಎದೆ ಏರುವುದನ್ನು ಪೂರ್ತಿ 60 ಸೆಕೆಂಡ್ ಎಣಿಸಲಿ. ಆಸ್ಪತ್ರೆಯಲ್ಲಿ ನರ್ಸ್‌ಗಳು ಮಾಡುವುದೂ ಹೀಗೆಯೇ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 16 ಬರುತ್ತದೆ, 20ರವರೆಗೂ ಚಿಂತೆಯಿಲ್ಲ. ಬಂದ ಸಂಖ್ಯೆ ಬರೆದಿಡಿ.

ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತದೆ. ಇದರಲ್ಲಿ 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ನಿಂತು, ಉಪಯೋಗಕ್ಕೆ ಬಾರದೆ ಹಾಗೆಯೇ ಹಿಂದಿರುಗುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವ ಜಾಗವಾದ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳನ್ನು ಮುಟ್ಟುವುದು ಉಳಿದ 350 ಮಾತ್ರ. ಇಲ್ಲೊಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 16 ಸಲ, ಸಲಕ್ಕೆ 500 ಎಳೆದರೆ ಒಟ್ಟು 8 ಲೀಟರ್. ಗಾಳಿಗೂಡಿಗೆ ಸಿಕ್ಕಿದ್ದು 5.6 ಲೀಟರ್. ಅದೇ 8 ಲೀಟರನ್ನು 32 ಸಲ, ಸಲಕ್ಕೆ 250ರಂತೆ ಎಳೆದರೆ ಸಿಗುವುದು ಬರೀ 3.2 ಲೀಟರ್. ಎದೆಯ ಮೇಲ್ಭಾಗದಲ್ಲೇ ಚಿಕ್ಕಚಿಕ್ಕದಾಗಿ ತೇಕುವವರು ಬೇಗ ಸೋಲುವುದಕ್ಕೆ ಇದೊಂದು ಕಾರಣ. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಎದೆಯ ಮೇಲೆ ಇಟ್ಟು ನೋಡಿ. ಉಸಿರು ಎಳೆದಾಗ ಹೊಟ್ಟೆಯ ಕೈ ಮೊದಲು ಏಳಬೇಕು. ಹಾಗೆ ಎದ್ದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು, ಚೆನ್ನಾಗಿ ಕೆಳಗಿಳಿಯುತ್ತಿದೆ ಎಂದರ್ಥ.

ಮೊದಲ ಮೂರು ನಿಮಿಷದ ತೀರ್ಪು ಸುಳ್ಳು

ಎರಡನೆಯ ಹೆಜ್ಜೆ: ಎದ್ದು ಚುರುಕಾಗಿ ನಡೆಯಲು ಶುರುಮಾಡಿ, ಒಂದೇ ವೇಗದಲ್ಲಿ ಆರು ನಿಮಿಷ. ಉಸಿರು ಮೂರು ಹಂತದಲ್ಲಿ ಬದಲಾಗುವುದನ್ನು ಗಮನಿಸಿ.

ಮೊದಲ ಒಂದೆರಡು ಉಸಿರಿನಲ್ಲೇ ಅದು ಜಿಗಿಯುತ್ತದೆ. ಕಾಲಿನ ಸ್ನಾಯುವಿನಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಆ ಹೊತ್ತಿಗೆ ಶ್ವಾಸಕೋಶವನ್ನು ಇನ್ನೂ ತಲುಪಿರುವುದಿಲ್ಲ. ಕಾಲಿಗೆ "ನಡೆ" ಎಂದು ಅಪ್ಪಣೆ ಕೊಟ್ಟ ಮಿದುಳು ಅದೇ ಉಸಿರಿನಲ್ಲಿ ಉಸಿರಾಟದ ಕೇಂದ್ರಕ್ಕೂ ಸುದ್ದಿ ಮುಟ್ಟಿಸುತ್ತದೆ. ಕೀಲು ಮತ್ತು ಸ್ನಾಯುಗಳಲ್ಲಿನ ನರಗಳೂ ದನಿಗೂಡಿಸುತ್ತವೆ. ಆಮೇಲೆ ಎರಡು ಮೂರು ನಿಮಿಷ ಉಸಿರು ನಿಧಾನವಾಗಿ ಏರುತ್ತಾ ಹೋಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ವೇಗ ಹದವಾಗಿದ್ದರೆ ಅಲ್ಲಿಂದ ಮುಂದೆ ಅರ್ಧ ಗಂಟೆ ನಡೆದರೂ ಹೆಚ್ಚು ಬದಲಾಗದು.

ಈ ಏರುವ ಅವಧಿಯಲ್ಲಿ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಇನ್ನೂ ಒದಗುತ್ತಿರುವುದಿಲ್ಲ. ಕೊರತೆಯನ್ನು ಅವು ಕೂಡಿಟ್ಟ ಇಂಧನದಿಂದ, ಒಂದಿಷ್ಟು ಲ್ಯಾಕ್ಟಿಕ್ ಆಮ್ಲ ಮಾಡಿಕೊಂಡು ತುಂಬಿಸಿಕೊಳ್ಳುತ್ತವೆ. ಆ ಸಾಲವನ್ನು ನಿಂತ ಮೇಲೆ ತೀರಿಸಬೇಕು, ಓಟ ಮುಗಿದ ಮೇಲೂ ಕೆಲ ನಿಮಿಷ ಏದುಸಿರು ಬಿಡುವುದು ಅದಕ್ಕೇ. ಮನೆಯಿಂದ ಹೊರಬಿದ್ದವರೇ ಓಡಲು ಶುರುಮಾಡಿ, ಎರಡನೇ ನಿಮಿಷಕ್ಕೆ "ನನ್ನ ಕೈಲಾಗಲ್ಲ" ಎಂದು ಮರಳುವವರು ಎಷ್ಟೋ ಜನ. ಅವರ ಶ್ವಾಸಕೋಶದಲ್ಲಿ ಏನೂ ಕೊರತೆಯಿಲ್ಲ, ಸಾಲ ಮಾಡಿದ್ದು ಅತಿಯಾಯಿತು ಅಷ್ಟೆ. ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡು ಓಡಿದರೆ ಅದೇ ಓಟ ಹಗುರವಾಗುತ್ತದೆ.

ಮಾಸಗಳ ಪರೀಕ್ಷೆ

ಮೂರನೆಯ ಹೆಜ್ಜೆಯೇ ಈ ಇಡೀ ಬರಹದಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಲಾಲ್‌ಬಾಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ: ಸಮತಟ್ಟು ದಾರಿಯೂ ಇದೆ, ಕೆಂಪೇಗೌಡ ಗೋಪುರ ಇರುವ ಬಂಡೆಯ ಏರೂ ಇದೆ. ಮಳೆ ಬಂದ ದಿನ ಬಂಡೆ ಜಾರುತ್ತದೆ, ಆ ದಿನ ಬೇಡ.

ಒಂದು ಉಸಿರು ತುಂಬಿಕೊಂಡು, ಪಂಚಾಂಗ ಓದುವ ಹದದಲ್ಲಿ ಜೋರಾಗಿ ಹೇಳಿ: ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ... ಮತ್ತೆ ಉಸಿರು ಎಳೆಯದೆ ಎಷ್ಟು ಮಾಸ ದಾಟುತ್ತೀರಿ ಎಂಬುದೇ ಅಳತೆ. ಕೂತಾಗ ಬಹಳ ಮಂದಿ ಫಾಲ್ಗುಣದವರೆಗೂ ಸಲೀಸಾಗಿ ಮುಟ್ಟುತ್ತಾರೆ. ಸಮತಟ್ಟಿನಲ್ಲಿ ಐದು ನಿಮಿಷ ನಡೆದ ಮೇಲೆ ನಿಲ್ಲದೆ ಹೇಳಿ. ಎಂಟು ಅಥವಾ ಹೆಚ್ಚು ಬಂದರೆ ನೀವು ಹಗುರ ವೇಗದಲ್ಲಿದ್ದೀರಿ. ಬಂಡೆಯ ಏರಿನಲ್ಲೋ ಓಟದಲ್ಲೋ ನಾಲ್ಕರಿಂದ ಆರಕ್ಕೆ ಇಳಿದು, ಮಾತು ಬರುತ್ತದೆ ಆದರೆ ಸುಖವಾಗಿ ಬರುವುದಿಲ್ಲ ಅನ್ನಿಸಿದರೆ ಗಡಿಯ ಹತ್ತಿರ ಬಂದಿರಿ. ಎರಡು ಮೂರಕ್ಕೇ ಉಸಿರು ಕಟ್ಟಿದರೆ ಗಡಿ ದಾಟಿದಿರಿ. ಈ ಅಂಕಿಗಳು ಅಂದಾಜಿನವು, ಹೇಳುವ ವೇಗದ ಮೇಲೆ ಒಂದೆರಡು ಹೆಚ್ಚುಕಡಿಮೆಯಾಗುತ್ತವೆ. ನಿಮ್ಮದನ್ನು ನಿಮ್ಮ ಹಿಂದಿನ ವಾರದ ಅಂಕಿಯ ಜೊತೆಗೇ ಹೋಲಿಸಿ, ಪಕ್ಕದವರದ್ದರ ಜೊತೆ ಬೇಡ.

ಆ ಗಡಿಯಲ್ಲಿ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಚಮಚ ಅಡುಗೆ ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿ. ಭುಸ್ಸೆಂದು ನೊರೆ ಏಳುತ್ತದೆ. ಆ ಗುಳ್ಳೆಗಳೊಳಗೆ ಇರುವುದು ಇಂಗಾಲದ ಡೈಆಕ್ಸೈಡ್. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್, ನಿಮ್ಮ ರಕ್ತದಲ್ಲೂ ಅದೇ ಬೈಕಾರ್ಬೊನೇಟ್ ಇದೆ. ಶ್ರಮ ಒಂದು ಮಟ್ಟ ಮೀರಿದಾಗ ಸ್ನಾಯುಗಳಿಂದ ಆಮ್ಲ ಸುರಿಯುತ್ತದೆ, ಬೈಕಾರ್ಬೊನೇಟ್ ಅದನ್ನು ತಣಿಸುತ್ತದೆ. ತಣಿಸುವಾಗ, ಇಂಧನ ಉರಿದು ಬಂದದ್ದರ ಮೇಲೆ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಲ್ಲಿಯವರೆಗೆ ಶ್ರಮಕ್ಕೆ ತಕ್ಕಷ್ಟೇ ಏರುತ್ತಿದ್ದ ಉಸಿರು ಇದ್ದಕ್ಕಿದ್ದಂತೆ ಶ್ರಮವನ್ನು ಮೀರಿ ಏರುತ್ತದೆ. ಕುತ್ತಿಗೆಯ ಎರಡೂ ಬದಿ, ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಅಂಗಗಳಿವೆ. ರಕ್ತದ ಆಮ್ಲತೆ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮೂರನ್ನೂ ರುಚಿ ನೋಡಿ ಮಿದುಳಿಗೆ ವರದಿ ಕೊಡುವುದು ಇವುಗಳ ಕೆಲಸ. ಉಸಿರಾಟದ ನಿಯಂತ್ರಣದಲ್ಲಿ ಇಂಥ ಅಂಗಗಳ ಪಾತ್ರವನ್ನು ಕಂಡುಕೊಂಡ ಬೆಲ್ಜಿಯಂನ ಕಾರ್ನೇಯ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಸಿಕ್ಕಿತು.

ಗಾಳಿಯಿಂದ ರಕ್ತಕ್ಕೆ, ರಕ್ತದಿಂದ ಸ್ನಾಯುವಿಗೆ

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್, ಬೆಂಗಳೂರಿನ 20-30 ಅಡಿ ಸೈಟಿಗಿಂತ ತುಸು ದೊಡ್ಡ ಜಾಗ. ನೀವು ಸುಮ್ಮನೆ ಕೂತಾಗ ಅಷ್ಟು ಜಾಗದ ಮೇಲೆ ಹರಡಿಕೊಂಡಿರುವ ರಕ್ತ ಸುಮಾರು 70 ಮಿಲಿಲೀಟರ್, ಒಂದು ಬೈಟು ಕಾಫಿಯಷ್ಟು! ನಡುವಿನ ಪೊರೆ ಕೂದಲಿನ ನೂರನೇ ಒಂದು ಪಾಲಿನಷ್ಟೂ ದಪ್ಪವಿಲ್ಲ. ಅನಿಲ ವಿನಿಮಯ ಅಷ್ಟು ಸಲೀಸಾಗಿ ಆಗುವುದು ಇದರಿಂದಲೇ.

ವಿಶ್ರಾಂತಿಯಲ್ಲಿ ಒಂದು ಕೆಂಪು ರಕ್ತಕಣ ಈ ಪೊರೆಯ ಪಕ್ಕ ಹಾದುಹೋಗಲು ಮುಕ್ಕಾಲು ಸೆಕೆಂಡ್ ಹಿಡಿಯುತ್ತದೆ. ಆಮ್ಲಜನಕ ತುಂಬಿಕೊಳ್ಳಲು ಕಾಲು ಸೆಕೆಂಡ್ ಸಾಕು. ಜೋರಾಗಿ ಓಡುವಾಗ ಹೃದಯ ನಿಮಿಷಕ್ಕೆ 5 ಲೀಟರಿನ ಬದಲು 20 ಲೀಟರ್ ರಕ್ತ ತಳ್ಳುತ್ತದೆ, ಕಣಕ್ಕೆ ಸಿಗುವ ಸಮಯ ಅರ್ಧದಷ್ಟಾಗುತ್ತದೆ. ಆದರೂ ಸಾಲುತ್ತದೆ. ಜೊತೆಗೆ, ನಿಂತಾಗ ಶ್ವಾಸಕೋಶದ ಮೇಲ್ಭಾಗಕ್ಕೆ ರಕ್ತ ಅಷ್ಟಾಗಿ ಹೋಗುವುದಿಲ್ಲ, ಶ್ರಮದಲ್ಲಿ ಒತ್ತಡ ಏರಿ ಅಲ್ಲಿನ ಮುಚ್ಚಿದ ಲೋಮನಾಳಗಳೂ (ಅತಿ ಸಣ್ಣ ರಕ್ತನಾಳಗಳು) ತೆರೆದುಕೊಳ್ಳುತ್ತವೆ. ಬಳಕೆಯಲ್ಲಿಲ್ಲದ ಜಾಗವೆಲ್ಲ ಕೆಲಸಕ್ಕೆ ಬರುತ್ತದೆ. ಉಸಿರಿನ ಬದಿಯಲ್ಲೂ ಹಾಗೆಯೇ: ಕೂತಾಗ 8 ಲೀಟರ್ ಇದ್ದದ್ದು ಆರೋಗ್ಯವಂತ ಯುವಕನ ಗರಿಷ್ಠ ಓಟದಲ್ಲಿ 100 ಲೀಟರ್ ಮುಟ್ಟುತ್ತದೆ, ನಿಮಿಷಕ್ಕೆ 45ರಷ್ಟು ಉಸಿರು, ಒಂದೊಂದೂ ಎರಡು ಲೀಟರಿನ ಮೇಲೆ.

ಸ್ನಾಯುವಿನಲ್ಲಿ ನಡೆಯುವುದು ಇನ್ನೂ ಸೊಗಸು. ದುಡಿಯುವ ಸ್ನಾಯು ಬಿಸಿಯಾಗಿರುತ್ತದೆ, ಹುಳಿಯಾಗಿರುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಇಂಥ ಕಡೆ ಹಿಮೋಗ್ಲೋಬಿನ್ ಆಮ್ಲಜನಕದ ಮೇಲಿನ ಹಿಡಿತ ಸಡಿಲಿಸುತ್ತದೆ. ಹೆಚ್ಚು ಬೇಕಾದಲ್ಲಿ ಹೆಚ್ಚು ಇಳಿಸುತ್ತದೆ. ಇಂಗಾಲದ ಡೈಆಕ್ಸೈಡಿನ ಈ ಪರಿಣಾಮವನ್ನು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ತೋರಿಸಿದರು. ಕೂತಾಗ ರಕ್ತ ತಂದ ಆಮ್ಲಜನಕದಲ್ಲಿ ಕಾಲು ಭಾಗವನ್ನಷ್ಟೇ ದೇಹ ಬಳಸುತ್ತದೆ, ಗರಿಷ್ಠ ಶ್ರಮದಲ್ಲಿ ಮುಕ್ಕಾಲು ಭಾಗ.

ಹಾಗಾಗಿ ಸರಪಳಿಯ ದುರ್ಬಲ ಕೊಂಡಿ ಬಹುತೇಕರಲ್ಲಿ ಶ್ವಾಸಕೋಶವಲ್ಲ. ಹೃದಯ ಎಷ್ಟು ರಕ್ತ ತಳ್ಳಬಲ್ಲದು, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಸ್ನಾಯು ಎಷ್ಟು ಪಳಗಿದೆ ಎಂಬುದೇ ಗಟ್ಟಿ ಪ್ರಶ್ನೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 14 ಗ್ರಾಂ ಇದ್ದವರ 100 ಮಿಲಿಲೀಟರ್ ರಕ್ತ ಹೊರುವುದು 18.8 ಮಿಲಿಲೀಟರ್. 8 ಗ್ರಾಂ ಇದ್ದವರದ್ದು 10.7 ಮಾತ್ರ. ಇಬ್ಬರ ಆಕ್ಸಿಮೀಟರೂ 98 ಎಂದೇ ತೋರಿಸುತ್ತದೆ! ಅದು ಹೇಳುವುದು ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದನ್ನು, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮನೆಯಲ್ಲಿ ಅಮ್ಮನೋ ಅಕ್ಕನೋ ಎರಡು ಮಹಡಿ ಹತ್ತಿ ಗೋಡೆ ಹಿಡಿದು ನಿಂತರೆ "ವಯಸ್ಸಾಯ್ತು", "ದಪ್ಪ ಆಗಿದ್ದೀಯ" ಅನ್ನುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಬೆಂಗಳೂರಿನ ಎತ್ತರ

ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕದ ಒತ್ತಡ ಮಂಗಳೂರಿನ ಕಡಲತೀರಕ್ಕಿಂತ ಸುಮಾರು ಶೇ. 10 ಕಡಿಮೆ. ಈ ಮಟ್ಟದಲ್ಲಿ ಹಿಮೋಗ್ಲೋಬಿನ್ ಬಹುತೇಕ ತುಂಬಿಯೇ ಇರುವುದರಿಂದ ನಡಿಗೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಗರಿಷ್ಠ ವೇಗದಲ್ಲಿ ಓಡುವವರಿಗೆ ಮೊದಲ ಕೆಲ ದಿನ ತುಸು ಗೊತ್ತಾಗಬಹುದು. 1,478 ಮೀಟರಿನ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರ ಏದುಸಿರಿಗೂ ಎತ್ತರಕ್ಕಿಂತ ಏರಿನದ್ದೇ ದೊಡ್ಡ ಪಾಲು.

ಎಂಟು ವಾರದ ಅಭ್ಯಾಸ

ಮೊದಲ ಎರಡು ವಾರ: ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಎಂಟು ಮಾಸ ಹೇಳಬಲ್ಲ ವೇಗದ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ವಾರಕ್ಕೆ 150 ನಿಮಿಷ ಇಲ್ಲಿಗೇ ಆಯಿತು.

ಮೂರು ಮತ್ತು ನಾಲ್ಕನೇ ವಾರ: ಹತ್ತು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ ಸಾಕು, ಉಳಿದ ದಿನ ನಡಿಗೆಯೇ ಇರಲಿ. ಐದು ಮತ್ತು ಆರನೇ ವಾರ ಓಟ ಎರಡು ನಿಮಿಷಕ್ಕೆ ಏರಲಿ, ನಡಿಗೆ ಒಂದಕ್ಕೆ ಇಳಿಯಲಿ. ಓಟದಲ್ಲಿ ಆರು ಮಾಸಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.

ಕೊನೆಯ ಎರಡು ವಾರ, ವಾರಕ್ಕೆ ಒಂದೇ ದಿನ, ಗಡಿ ದಾಟುವ ಕೆಲಸ: ಎರಡು ಮೂರು ಮಾಸಕ್ಕೆ ಉಸಿರು ಕಟ್ಟುವ ವೇಗದಲ್ಲಿ ಎರಡು ಮೂರು ನಿಮಿಷ, ಆಮೇಲೆ ಮೂರು ನಿಮಿಷ ನಡಿಗೆ, ನಾಲ್ಕು ಸಲ. ವಯಸ್ಸು 40 ದಾಟಿದ್ದು ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಈ ಹಂತಕ್ಕೆ ಹೋಗುವ ಮೊದಲು ಡಾಕ್ಟರನ್ನು ಕೇಳಿ.

ಎಂಟನೇ ವಾರ ಅದೇ ದಾರಿ, ಅದೇ ವೇಗದಲ್ಲಿ ಮಾಸಗಳ ಪರೀಕ್ಷೆ ಮಾಡಿ. ನಾಲ್ಕು ಇದ್ದದ್ದು ಆರೋ ಏಳೋ ಆಗಿದ್ದರೆ ಶ್ವಾಸಕೋಶ ಹಿಗ್ಗಿತು ಎಂದುಕೊಳ್ಳಬೇಡಿ, ಅದು ಹಾಗೆಯೇ ಇದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತಿದೆ, ಸ್ನಾಯುವಿನಲ್ಲಿ ಲೋಮನಾಳಗಳೂ ಆಮ್ಲಜನಕ ಬಳಸಿ ಇಂಧನ ಉರಿಸುವ ಮೈಟೊಕಾಂಡ್ರಿಯಗಳೂ ಹೆಚ್ಚಿವೆ, ಅದೇ ಕೆಲಸಕ್ಕೆ ಆಮ್ಲ ಕಡಿಮೆ ಹುಟ್ಟುತ್ತಿದೆ. ನಿಂಬೆರಸ ಕಡಿಮೆ, ನೊರೆಯೂ ಕಡಿಮೆ.

ಎಲ್ಲಿ ತಪ್ಪುತ್ತದೆ

ಓಟ ಮುಗಿದ ಕೂಡಲೇ ಕಲ್ಲಿನಂತೆ ನಿಲ್ಲುವುದು. ಕಾಲಿನ ಸ್ನಾಯುಗಳು ಹಿಂಡುತ್ತಾ ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದವು. ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ. ಐದು ನಿಮಿಷ ನಡೆದೇ ನಿಲ್ಲಿ.

ಮೂಗಿನಲ್ಲೇ ಉಸಿರಾಡಬೇಕೆಂಬ ಹಟ. ಹಗುರ ನಡಿಗೆಗೆ ಮೂಗು ಒಳ್ಳೆಯದು, ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ ಕಳಿಸುತ್ತದೆ. ನಿಮಿಷಕ್ಕೆ 35–40 ಲೀಟರ್ ದಾಟಿದ ಮೇಲೆ ಬಹುತೇಕರ ಬಾಯಿ ತಾನೇ ತೆರೆದುಕೊಳ್ಳುತ್ತದೆ, ತಡೆಯಬೇಡಿ.

ಜಿಮ್ಮಿನಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದು. ರಕ್ತದೊತ್ತಡ ಗಕ್ಕನೆ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ.

ಪಕ್ಕೆ ಚುಚ್ಚಿದರೆ ವೇಗ ಇಳಿಸಿ, ಉಸಿರನ್ನು ಉದ್ದಕ್ಕೆ ಬಿಡಿ, ಚುಚ್ಚುವ ಜಾಗವನ್ನು ಕೈಯಿಂದ ಒತ್ತಿಕೊಳ್ಳಿ. ಮಸಾಲೆದೋಸೆ ತಿಂದು ಎರಡು ಗಂಟೆಯಾದರೂ ಕಳೆಯಲಿ. ಇನ್ನು ಸ್ಪ್ರೇ ಡಬ್ಬಿಯಲ್ಲಿ ಮಾರುವ ಆಮ್ಲಜನಕಕ್ಕೆ ದುಡ್ಡು ಸುರಿಯಬೇಡಿ. ಆಗಲೇ ಶೇ. 97ರಷ್ಟು ತುಂಬಿದ ಹಿಮೋಗ್ಲೋಬಿನ್‌ಗೆ ಅದು ಸೇರಿಸುವುದು ಏನೂ ಇಲ್ಲ.

ಎಲ್ಲಕ್ಕಿಂತ ಅಪಾಯದ ತಪ್ಪು ನೀರಿನಲ್ಲಿ. ಈಜುಕೊಳದಲ್ಲೋ ಊರಿನ ಬಾವಿಯಲ್ಲೋ ಮುಳುಗಿ ಹೆಚ್ಚು ಹೊತ್ತು ಇರುವ ಪಂದ್ಯ ಕಟ್ಟಿ, ಮುಳುಗುವ ಮೊದಲು ಹುಡುಗರು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ. ಇದರಿಂದ ಆಮ್ಲಜನಕದ ದಾಸ್ತಾನು ಹೆಚ್ಚುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ತುಂಬ ಇಳಿಯುತ್ತದೆ. "ಮೇಲೆ ಬಾ, ಉಸಿರಾಡು" ಎಂದು ಒತ್ತಾಯಿಸುವುದು ಮುಖ್ಯವಾಗಿ ಅದೇ ಅನಿಲ. ಅದು ಮತ್ತೆ ಏರುವಷ್ಟರಲ್ಲಿ ಆಮ್ಲಜನಕ ಮುಗಿದು, ಯಾವ ಮುನ್ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಹೋಗಿದ್ದಾರೆ. ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿ.

ಹೊಗೆ, ಧೂಳು, ಕಾಂಗ್ರೆಸ್ ಗಿಡ

ಓಡುವವರು ಕೂತವರಿಗಿಂತ ಏಳೆಂಟು ಪಟ್ಟು ಗಾಳಿ ಎಳೆಯುತ್ತಾರೆ, ಅದೂ ಬಾಯಿಯಿಂದ, ಮೂಗಿನ ಸೋಸುವಿಕೆ ಇಲ್ಲದೆ. ವಾಹನದ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ. ಸಿಲ್ಕ್ ಬೋರ್ಡ್ ಕಡೆಯ ಸರ್ವಿಸ್ ರಸ್ತೆಯಲ್ಲಿ ಓಡುವ ಬದಲು ಮುಖ್ಯರಸ್ತೆಯಿಂದ 200 ಮೀಟರ್ ಒಳಗಿನ ಗಲ್ಲಿ ಹಿಡಿದರೂ ಹೊಗೆ ಎಷ್ಟೋ ಕಡಿಮೆ. ಚಳಿಗಾಲದ ಮಂಜಿನ ಮುಂಜಾನೆ ಹೊಗೆ ನೆಲದ ಹತ್ತಿರವೇ ನಿಲ್ಲುತ್ತದೆ, ಬಿಸಿಲು ಬಿದ್ದ ಮೇಲೆ ಹೊರಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪಿನಲ್ಲಿ ಗಾಳಿ ಗುಣಮಟ್ಟದ ಸೂಚ್ಯಂಕ 200 ದಾಟಿದ್ದರೆ ಆ ದಿನ ಮನೆಯೊಳಗಿನ ವ್ಯಾಯಾಮ ಸಾಕು.

ಓಡುವಾಗ ಚೆನ್ನಾಗಿದ್ದು, ನಿಂತ ಐದರಿಂದ ಹದಿನೈದು ನಿಮಿಷಕ್ಕೆ ಕೆಮ್ಮು, ಎದೆ ಬಿಗಿತ, ಸುಂಯ್ ಸುಂಯ್ ಸದ್ದು ಬಂದರೆ ಅದು ಅಭ್ಯಾಸದ ಕೊರತೆಯಲ್ಲ. ಒಣಗಾಳಿಗೆ ಶ್ವಾಸನಾಳ ಬಿಗಿದುಕೊಳ್ಳುವ ತೊಂದರೆ ಇರಬಹುದು. ಉಬ್ಬಸ ಇದ್ದವರಲ್ಲಿ ಇದು ಸಾಮಾನ್ಯ. ಕಾಂಗ್ರೆಸ್ ಗಿಡದ ಪರಾಗ ಒಗ್ಗದವರಿಗೆ ಖಾಲಿ ಸೈಟುಗಳ ಪಕ್ಕದ ದಾರಿ ಇನ್ನಷ್ಟು ಕಷ್ಟ. ಊದಿಸಿ ಉಸಿರನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ. ಡಾಕ್ಟರು ಇನ್ಹೇಲರ್ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ, ಸಾಮಾನ್ಯವಾಗಿ ಹೊರಡುವ 15 ನಿಮಿಷ ಮೊದಲು ತೆಗೆದುಕೊಂಡು, ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳಿ.

ಹೆದರಬೇಕಾದ ಏದುಸಿರು

ಎದೆ ಒತ್ತಿದಂತಾಗಿ ನೋವು ದವಡೆಗೋ ಎಡಗೈಗೋ ಹರಿದರೆ, ತಲೆ ಸುತ್ತಿ ಬಿದ್ದರೆ, ಕೂತು ಹತ್ತು ನಿಮಿಷವಾದರೂ ಉಸಿರು ತಣಿಯದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಶ್ರಮದಲ್ಲಿ ಆಕ್ಸಿಮೀಟರ್ ಅಂಕಿ ನಾಲ್ಕಕ್ಕಿಂತ ಹೆಚ್ಚು ಇಳಿದರೂ ತೋರಿಸಲೇಬೇಕು. ಆದರೆ ಉಗುರಿನ ಬಣ್ಣ ತೆಗೆದು, ತಣ್ಣಗಿನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಕೈ ಅಲ್ಲಾಡಿಸದೆ ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ಸಂಜೆಗೆ ಕಾಲು ಊದುವುದು, ಹೋದ ತಿಂಗಳು ಸಲೀಸಾಗಿ ಹತ್ತುತ್ತಿದ್ದ ಮಹಡಿಗೆ ಈಗ ಎರಡು ಸಲ ನಿಲ್ಲುವುದು, ಇವಕ್ಕೆ ಆ ವಾರದಲ್ಲೇ ಡಾಕ್ಟರ ಬಳಿ ಹೋಗಿ. ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. ಕೂತಾಗ ನಿಮಿಷಕ್ಕೆ ಎಷ್ಟು ಉಸಿರು, ಎಷ್ಟನೇ ಮೆಟ್ಟಿಲಿಗೆ ನಿಂತಿರಿ, ಎಷ್ಟು ಮಾಸ ಹೇಳಲಾಯಿತು, ಸರಿಹೋಗಲು ಎಷ್ಟು ನಿಮಿಷ ಹಿಡಿಯಿತು ಎಂದು ದಿನಾಂಕದೊಡನೆ ತೋರಿಸಿದರೆ, "ಸುಸ್ತು ಡಾಕ್ಟ್ರೇ" ಎಂಬ ಒಂದು ಮಾತಿಗಿಂತ ಅವರಿಗೆ ಎಷ್ಟೋ ಹೆಚ್ಚು ತಿಳಿಯುತ್ತದೆ.